ಪೆಟ್ಟು ಬಿದ್ದವರ ಸೀರಂ: ಒಂದು ಅಂಕಿಯ ಹಿಂದಿನ ಕಥೆ

ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ (ಹಳೇ ಔರಂಗಾಬಾದ್) ಜಿಲ್ಲೆಗಳ ಮೂಲಕ 701 ಕಿಲೋಮೀಟರಿನ ಸಮೃದ್ಧಿ ಹೆದ್ದಾರಿ ಹಾದುಹೋಗುತ್ತೆ. 2023ರ ಅಕ್ಟೋಬರಿನಲ್ಲಿ ವೈಜಾಪುರದ ಹತ್ತಿರ ಮಿನಿಬಸ್ಸೊಂದು ಲಾರಿಗೆ ಗುದ್ದಿ 12 ಜನ ಸತ್ತರು. ಇಂಥ ಅಪಘಾತದಲ್ಲಿ ಬದುಕಿ ಐಸಿಯು ಸೇರಿದವರಿಗೆ ಒಳಗೆ ಎರಡನೇ ಪೆಟ್ಟೊಂದು ಕಾದಿರುತ್ತೆ. ರಕ್ತ ಸಿಗದೆ ಸೊರಗಿದ್ದ ಅಂಗಗಳಿಗೆ ಮತ್ತೆ ರಕ್ತ ಹರಿದಾಗ ಫ್ರೀ ರ‍್ಯಾಡಿಕಲ್‌ಗಳು ಹುಟ್ಟಿ ಜೀವಕೋಶಗಳನ್ನು ಕೆಡಿಸುತ್ತವೆ. ಅವಕ್ಕೆ ಎಲೆಕ್ಟ್ರಾನ್ ಕೊಟ್ಟು ಸುಮ್ಮನಾಗಿಸೋದು ಆಂಟಿಆಕ್ಸಿಡೆಂಟ್. ಎಲೆಕ್ಟ್ರಾನ್ ಕೊಡುತ್ತೆ ಅಂದಮೇಲೆ ವಿದ್ಯುತ್ತಿನಿಂದಲೇ ಅಳೆಯಬಹುದಲ್ವಾ? ಈ ಯೋಚನೆ ಎಲ್ಲಿಂದ ಬಂತು ಅನ್ನೋದೇ ಇವತ್ತಿನ ಮಾತು.

ಶುರುವಾದದ್ದು ಪ್ರಾಗ್‌ನಲ್ಲಿ. 1922ರಲ್ಲಿ ಹೈರೋವ್‌ಸ್ಕಿ ಪಾದರಸದ ಹನಿಯನ್ನೇ ಎಲೆಕ್ಟ್ರೋಡ್ ಮಾಡಿಕೊಂಡು ಪೋಲರೋಗ್ರಫಿ ಕಟ್ಟಿದರು. ಅವರ ಜೊತೆಗಿದ್ದ ಬ್ರಡಿಚ್ಕಾ 1933ರಲ್ಲಿ, ಕೋಬಾಲ್ಟ್ ದ್ರಾವಣದಲ್ಲಿ ಸೀರಂ ಪ್ರೋಟೀನುಗಳು ಒಂದು ಅಲೆ ಮೂಡಿಸೋದನ್ನ ಕಂಡರು. ಕ್ಯಾನ್ಸರ್ ಪತ್ತೆ ಮಾಡಬಹುದೆಂಬ ಆಸೆ ಎದ್ದಿತು. ಆದ್ರೆ ಸೋಂಕು, ಉರಿಯೂತ ಇದ್ದವರಲ್ಲೂ ಅಲೆ ಬದಲಾಗ್ತಿತ್ತು.

ಇನ್ನು ಗಾಯದ ಕಡೆ ಬರೋಣ. ಇಲ್ಲಿ ಪಾಠ ಕಲಿಸಿದ್ದು ಎಲೆಕ್ಟ್ರೋಡಲ್ಲ, ಬೋಸ್ಟನ್ನಿನ ಯುವ ಸರ್ಜನ್ ಜಾನ್ ಕ್ರ್ಯಾಂಡನ್. 1939ರಲ್ಲಿ ಈ ಪುಣ್ಯಾತ್ಮ ಸಿ ಜೀವಸತ್ವವೇ ಇಲ್ಲದ ಊಟ ಆರು ತಿಂಗಳು ಮಾಡಿದರು. ಸುಮಾರು ಆರು ವಾರಕ್ಕೆ ಪ್ಲಾಸ್ಮಾದಲ್ಲಿ ಸಿ ಸೊನ್ನೆ. ಆದ್ರೂ ಮೂರನೇ ತಿಂಗಳು ಬೆನ್ನ ಮೇಲೆ ಕೊಯ್ಸಿಕೊಂಡ ಗಾಯ ಸಲೀಸಾಗಿ ಮಾಯಿತು! ಆರನೇ ತಿಂಗಳದ್ದು ಮಾಯಲಿಲ್ಲ. ಸಿ ಕೊಟ್ಟಮೇಲೆ ಮಾಯಿತು. ಅಂದ್ರೆ ರಕ್ತದ ಅಂಕಿ ಒಂದು ಹೇಳ್ತಿತ್ತು, ಗಾಯ ಇನ್ನೊಂದು.

1990ರ ದಶಕದಲ್ಲಿ ಜೆರುಸಲೇಮಿನ ಕೋಹೆನ್ ತಂಡ ಪ್ಲಾಸ್ಮಾಕ್ಕೆ ಸೈಕ್ಲಿಕ್ ವೋಲ್ಟಮೆಟ್ರಿ ಹಚ್ಚಿತು. ವೋಲ್ಟೇಜ್ ಏರಿಸ್ತಾ ಹೋಗಿ, ಅಲೆ ಎಲ್ಲಿ ಏಳುತ್ತೆ ನೋಡಿ: ಎಲೆಕ್ಟ್ರಾನ್ ಎಷ್ಟು ಸುಲಭಕ್ಕೆ ಬಿಡುತ್ತೆ ಅನ್ನೋದು ತಿಳಿಯುತ್ತೆ. ಅಲೆಯ ಎತ್ತರದಿಂದ ಪ್ರಮಾಣ. ಪೆಟ್ಟು ತಿಂದ ಇಲಿಯ ಮಿದುಳನ್ನೂ ಅಲ್ಲಿ ಹೀಗೇ ಅಳೆದರು. ತೊಡಕೂ ಇಲ್ಲೇ ಇದೆ. ಮೊದಲ ಅಲೆಯಲ್ಲಿ ಸಿ ಜೀವಸತ್ವ, ಯೂರಿಕ್ ಆಮ್ಲ ಎರಡೂ ಕೂಡಿರ್ತವೆ, ಯೂರಿಕ್ ಆಮ್ಲವೇ ಎಷ್ಟೋ ಪಟ್ಟು ಜಾಸ್ತಿ. ಅಪಘಾತದ ರೋಗಿಯ ಕಿಡ್ನಿ ಸೋತರೆ ಯೂರಿಕ್ ಆಮ್ಲ ಏರುತ್ತೆ. ಅಂಕಿ ಚೆನ್ನಾಗಿ ಕಾಣುತ್ತೆ, ರೋಗಿ ಮುಳುಗ್ತಿರ್ತಾನೆ.

ಮುಂದೆ ಅಮೆರಿಕದ ಕೊಲರಾಡೋದಲ್ಲಿ ಟ್ರಾಮಾ ರೋಗಿಗಳ ಪ್ಲಾಸ್ಮಾದ ರೆಡಾಕ್ಸ್ ವಿಭವ ಅಳೆದಾಗ, ಗಂಭೀರ ಪೆಟ್ಟಿನವರಲ್ಲಿ ಅದು ಕೆಲದಿನ ಏರಿ ಆಮೇಲೆ ಇಳಿಯೋದು ಕಂಡಿತು. ಹಾಗಾದ್ರೆ ಆಂಟಿಆಕ್ಸಿಡೆಂಟ್ ಕೊಟ್ಟುಬಿಡೋಣವೇ? 2002ರಲ್ಲಿ ಸಿಯಾಟಲ್‌ನ 595 ರೋಗಿಗಳಲ್ಲಿ (ಬಹುಪಾಲು ಅಪಘಾತದವರು) ಸಿ, ಇ ಕೊಟ್ಟವರಿಗೆ ಅಂಗ ವೈಫಲ್ಯ ಕಡಿಮೆಯಾಯ್ತು. 2013ರಲ್ಲಿ, ಹಲವು ಅಂಗ ಸೋತ 1,223 ಐಸಿಯು ರೋಗಿಗಳ ಪ್ರಯೋಗದಲ್ಲಿ ಆಂಟಿಆಕ್ಸಿಡೆಂಟ್ ಯಾರನ್ನೂ ಹೆಚ್ಚಾಗಿ ಉಳಿಸಲಿಲ್ಲ.

ನನಗನ್ನಿಸೋದು, ಒಂದು ದಿನದ ಅಂಕಿ ನಂಬಬಾರದು. ಅದೇ ರೋಗಿಯನ್ನ ದಿನಾ ಅಳೀಬೇಕು, ಪಕ್ಕದಲ್ಲೇ ಯೂರಿಕ್ ಆಮ್ಲ, ಕ್ರಿಯಾಟಿನಿನ್ ಬರೀಬೇಕು. ಟ್ಯೂಬು ಐಸಿನಲ್ಲಿರ್ಲಿ. ಇಲ್ಲದಿದ್ರೆ ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಕೇಂದ್ರ ತಲುಪೋದ್ರೊಳಗೆ ಸಿ ಜೀವಸತ್ವ ಅರ್ಧಕ್ಕರ್ಧ ಕೆಟ್ಟಿರಬಹುದು, ಆ ಕೊರತೆ ರೋಗಿಯ ಲೆಕ್ಕಕ್ಕೆ ಬೀಳುತ್ತೆ.