ಮುಳುಗಿದ ಊರಿನ ಬೆಳಕು

ಕಲ್ಲಿದ್ದಲು ಭೂಮಿ ಕೂಡಿಟ್ಟ ಗಂಟು. ಕರಗಿದರೆ ಮತ್ತೆ ತುಂಬದು. ಕರ್ನಾಟಕಕ್ಕಂತೂ ಆ ಗಂಟೂ ಇಲ್ಲ. 1902ರಲ್ಲೇ ಶಿವನಸಮುದ್ರದ ಕಾವೇರಿ ಕೋಲಾರದ ಗಣಿಗೆ ವಿದ್ಯುತ್ತನ್ನು ಕೊಟ್ಟಳು.

ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು. 1953ರಲ್ಲಿ ನೀರು ನಿಂತಿತು. ನೀರಾವರಿಯ ಜೊತೆಗೆ, ಅಣೆಕಟ್ಟಿನ ಬುಡದಲ್ಲಿಯೂ ಹಂಪಿಯಲ್ಲಿಯೂ ಒಟ್ಟು 72 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರಗಳು ಎದ್ದವು.

ನೀರಿನ ಶಕ್ತಿ ಪುಕ್ಕಟೆಯೆನ್ನುವವರು ಮರಿಯಮ್ಮನಹಳ್ಳಿಗೆ ಬರಬೇಕು. ನಾರಾಯಣದೇವರಕೆರೆ ಮುಳುಗಿದಾಗ ಅಲ್ಲಿಯ ಜನ ಬಂದು ನೆಲೆಸಿದ್ದು ಇಲ್ಲಿಯೇ. ಬೆಲೆ ತೆತ್ತವರು ಅವರು.

ಆ ನೀರೂ ಅಕ್ಷಯವಲ್ಲ. 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಈಗ ಬಿಸಿಲು, ಗಾಳಿಗಳ ಸರದಿ. ನಾನು ಕೇಳುವುದಿಷ್ಟೇ: ಈ ಸಲ ನೆಲ ಬಿಡುವವರಾರು, ದೀಪ ಹೊತ್ತುವುದು ಯಾರ ಮನೆಯಲ್ಲಿ?