ಹೋಲೋಟೈಪ್

ನಾಮಪದ. ಜೀವಿಯೊಂದಕ್ಕೆ ವೈಜ್ಞಾನಿಕ ಹೆಸರಿಡುವಾಗ ಆ ಹೆಸರಿಗೆ ಆಧಾರವೆಂದು ಗೊತ್ತುಮಾಡಿದ ಒಂದೇ ಒಂದು ಮೂಲ ಮಾದರಿ. ಗ್ರೀಕಿನಲ್ಲಿ ‘ಹೋಲೋಸ್’ ಎಂದರೆ ಇಡೀ. ‘ಟೂಪೋಸ್’ ಎಂದರೆ ಏಟು, ಏಟಿನಿಂದ ಮೂಡಿದ ಅಚ್ಚು. ಬೆಲ್ಲದ ಅಚ್ಚನ್ನು ಬಲ್ಲ ನಮಗೆ ಈ ಅರ್ಥ ಸಲೀಸು.

ಇಂಡಿ, ಸಿಂದಗಿಯ ಕಬ್ಬಿಗೂ ಬಸವನ ಬಾಗೇವಾಡಿ, ಮುದ್ದೇಬಿಹಾಳದ ತೊಗರಿಗೂ ಈ ಪದದ ನಂಟಿದೆ. ಕೊರಕ ಹುಳುಗಳ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಟ್ಟು ಅವನ್ನು ಕೊಲ್ಲುವ ಟ್ರೈಕೊಗ್ರಾಮ ಎಂಬ ಪರಾವಲಂಬಿ ಕಣಜ ರೈತರಿಗೆ ‘ಟ್ರೈಕೊ ಕಾರ್ಡ್’ ಆಗಿ ಪರಿಚಿತ. ಅದು ಒಂದು ಮಿಲಿಮೀಟರಿಗಿಂತ ಚಿಕ್ಕದು, ಪ್ರಭೇದಗಳೆಲ್ಲ ಒಂದೇ ತೆರ. ಆಸ್ಟ್ರೇಲಿಯದ ಕಣಜಕ್ಕೆ ಕೀಟತಜ್ಞ ಜಿರೋ 1912ರಲ್ಲಿ ಇಟ್ಟ ‘ಆಸ್ಟ್ರೇಲಿಕಮ್’ ಎಂಬ ಹೆಸರಿನಲ್ಲೇ ನಮ್ಮ ಕಣಜವನ್ನೂ ಬಹುಕಾಲ ಕರೆದರು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಅವರು ಗಂಡು ಕಣಜದ ಜನನಾಂಗದ ರಚನೆಯೇ ನಿಜವಾದ ಗುರುತು ಎಂದು 1971ರಲ್ಲಿ ತೋರಿಸಿದರು. ನಮ್ಮದು ಕೀಟತಜ್ಞ ಇಶೀ 1941ರಲ್ಲಿ ಹೆಸರಿಸಿದ ‘ಚಿಲೋನಿಸ್’ ಎಂಬುದು 1979ರಲ್ಲಿ ಇತ್ಯರ್ಥವಾಯಿತು. ಎಂಥ ತಾಳ್ಮೆಯ ಕೆಲಸ!

ಹೆಸರಿನ ಇಂಥ ತಕರಾರು ಬಗೆಹರಿಯುವುದು ಸಂಗ್ರಹಾಲಯದ ಮೂಲ ಮಾದರಿಯಿಂದಲೇ. ಅದಕ್ಕೆ ಕೆಂಪು ಚೀಟಿ ಅಂಟಿಸುವುದು ರೂಢಿ. ಜೊತೆಯ ಇತರ ಮಾದರಿಗಳು ‘ಪ್ಯಾರಾಟೈಪ್’. ಹಳೆಯ ಮಾದರಿಗಳ ಗುಂಪಿನಿಂದ ಮುಂದೆ ಆರಿಸಿದ್ದು ‘ಲೆಕ್ಟೊಟೈಪ್’. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದಲ್ಲಿ ಇಂಥ ಮಾದರಿಗಳ ಸಂಗ್ರಹವಿದೆ.

ಬಳಕೆ: “ಹೋಲೋಟೈಪ್ ಜೊತೆ ಹೋಲಿಸದೆ ಕಣಜದ ಹೆಸರು ಖಚಿತಪಡಿಸಬೇಡಿ.”