ಪೇಸ್‌ಮೇಕರ್: ಬ್ಯಾಟರಿ ಮತ್ತು ಲೀಡ್ ಬದಲಾವಣೆಯ ಇತಿಹಾಸ, ಸಿಂಧನೂರು ಸೀಮೆಯ ಹಿನ್ನೆಲೆಯಲ್ಲಿ

ಪೇಸ್‌ಮೇಕರ್ ಎಂದರೆ ಹೃದಯದ ಬಡಿತ ತೀರ ನಿಧಾನವಾದಾಗ ಅಥವಾ ನಡುನಡುವೆ ತಪ್ಪಿದಾಗ ವಿದ್ಯುತ್ ಮಿಡಿತ ಕೊಟ್ಟು ಅದನ್ನು ಬಡಿಯುವಂತೆ ಮಾಡುವ ಸಣ್ಣ ಯಂತ್ರ. ಇದನ್ನು ಸಾಮಾನ್ಯವಾಗಿ ಎಡಗಡೆಯ ಕೊರಳೆಲುಬಿನ ಕೆಳಗೆ, ಚರ್ಮದ ಅಡಿಯಲ್ಲಿ ಕೂಡಿಸುತ್ತಾರೆ. ಇದಕ್ಕೆ ಎರಡು ಭಾಗ. ಬ್ಯಾಟರಿ ಮತ್ತು ಸರ್ಕೀಟನ್ನು ಟೈಟಾನಿಯಂ ಕವಚದಲ್ಲಿ ಮುಚ್ಚಿಟ್ಟ ಪೆಟ್ಟಿಗೆ ಒಂದು. ಅಲ್ಲಿಂದ ರಕ್ತನಾಳದ ಒಳಗೆ ಸಾಗಿ ಹೃದಯದ ಒಳಗೋಡೆಯನ್ನು ಮುಟ್ಟುವ ತಂತಿ, ಅಂದರೆ ಲೀಡ್, ಇನ್ನೊಂದು. ಬ್ಯಾಟರಿ ಒಂದು ದಿನ ತೀರುತ್ತದೆ, ಲೀಡ್ ಒಂದು ದಿನ ಸವೆಯಬಹುದು. ಹಾಗಾಗಿ ಪೇಸ್‌ಮೇಕರ್‌ನ ಇತಿಹಾಸವೆಂದರೆ ಬಹುಪಾಲು ಬದಲಾವಣೆಯ ಇತಿಹಾಸವೇ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಲ್ಲಿ ಆಸ್ಪತ್ರೆಯ ದೂರ, ಸರ್ಕಾರಿ ಆರೋಗ್ಯ ಯೋಜನೆಗಳು ಮತ್ತು ಗದ್ದೆ, ಗಿರಣಿ, ಗಣಿಗಳ ದುಡಿಮೆ ಈ ಇತಿಹಾಸದ ಭಾಗವಾಗಿವೆ.

ಹೃದಯದ ವಿದ್ಯುತ್ತು

ಆರೋಗ್ಯವಂತ ಹೃದಯದಲ್ಲಿ ಬಲ ಹೃತ್ಕರ್ಣದ ಮೇಲ್ಭಾಗದ ಸೈನಸ್ ಗ್ರಂಥಿಯಲ್ಲಿ ಮಿಡಿತ ಹುಟ್ಟುತ್ತದೆ. ಅದು ಎ.ವಿ. ಗ್ರಂಥಿಯನ್ನು ದಾಟಿ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಎ.ವಿ. ಗ್ರಂಥಿಯನ್ನು 1906ರಲ್ಲಿ ಜಪಾನಿನ ಸುನಾವೊ ತವಾರ ವಿವರಿಸಿದರು. ಮರುವರ್ಷ ಬ್ರಿಟನ್ನಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲಾಕ್ ಸೈನಸ್ ಗ್ರಂಥಿಯನ್ನು ಗುರುತಿಸಿದರು. ಈ ದಾರಿ ವಯಸ್ಸಿನಿಂದ, ಹೃದಯಾಘಾತದಿಂದ ಅಥವಾ ಹುಟ್ಟಿನಿಂದಲೇ ಕೆಟ್ಟಿದ್ದರೆ ಮಿಡಿತ ಕೆಳಗಿಳಿಯುವುದಿಲ್ಲ. ಇದು ಹಾರ್ಟ್ ಬ್ಲಾಕ್. ಸ್ಟೆಂಟ್ ಹಾಕುವ ರಕ್ತನಾಳದ ಬ್ಲಾಕ್ ಬೇರೆ, ಇದು ಬೇರೆ. ತಲೆಸುತ್ತು, ಕಣ್ಣಿಗೆ ಕತ್ತಲೆ ಕವಿಯುವುದು, ನಾಲ್ಕು ಹೆಜ್ಜೆಗೇ ದಮ್ಮು, ನಿಂತಲ್ಲೇ ಎಚ್ಚರ ತಪ್ಪಿ ಬೀಳುವುದು ಇದರ ಲಕ್ಷಣಗಳು. ‘ಚಕ್ಕರ್ ಬಂದು ಬಿದ್ದರು’ ಎಂದು ನಿಶ್ಶಕ್ತಿಗೋ ಫಿಟ್ಸ್‌ಗೋ ಔಷಧ ಕೊಡುತ್ತ ಬಂದವರಲ್ಲಿ ಒಂದು ಇಸಿಜಿ ನಿಜವಾದ ಕಾರಣವನ್ನು ತೋರಿಸಿಕೊಡುವುದುಂಟು.

ಮೊದಲ ಯಂತ್ರಗಳು

1928ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮಾರ್ಕ್ ಲಿಡ್‌ವಿಲ್ ಎಂಬ ವೈದ್ಯರು ಹುಟ್ಟುತ್ತಲೇ ನಿಶ್ಚಲವಾಗಿದ್ದ ಕೂಸಿನ ಹೃದಯಕ್ಕೆ ಸೂಜಿಯ ಮೂಲಕ ವಿದ್ಯುತ್ ಹರಿಸಿ ಬದುಕಿಸಿದರು. 1932ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಹೈಮನ್ ಕೈಯಿಂದ ತಿರುಗಿಸಿ ಕೀಲಿ ಕೊಡುವ ಯಂತ್ರ ಮಾಡಿದರು. 1952ರಲ್ಲಿ ಬಾಸ್ಟನ್ನಿನ ಪಾಲ್ ಜೋಲ್ ಎದೆಯ ಮೇಲೆ ಪಟ್ಟಿ ಹಚ್ಚಿ ಹೊರಗಿನಿಂದಲೇ ಹೃದಯವನ್ನು ಬಡಿಸಿದರು. ಇದು ಜೀವ ಉಳಿಸುತ್ತಿತ್ತು, ಆದರೆ ಪ್ರತಿ ಮಿಡಿತಕ್ಕೂ ರೋಗಿ ಎದೆಯಲ್ಲಿ ಏಟು ತಿಂದಂತೆ ನೋವು ಉಣ್ಣಬೇಕಿತ್ತು.

ಆ ಕಾಲದ ಯಂತ್ರಗಳು ಗೋಡೆಯ ಪ್ಲಗ್ಗಿಗೆ ಅಂಟಿಕೊಂಡಿದ್ದವು. 1957ರ ಅಕ್ಟೋಬರ್ 31ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕರೆಂಟು ಹೋಯಿತು. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ವಾಲ್ಟನ್ ಲಿಲ್ಲೆಹೈ ಇದರಿಂದ ಎಚ್ಚೆತ್ತು, ಆಸ್ಪತ್ರೆಯ ಉಪಕರಣ ರಿಪೇರಿ ಮಾಡುತ್ತಿದ್ದ ಅರ್ಲ್ ಬಾಕೆನ್‌ಗೆ ಬ್ಯಾಟರಿಯಿಂದ ನಡೆಯುವ ಯಂತ್ರ ಬೇಕೆಂದರು. ಬಾಕೆನ್ ಕೆಲವೇ ವಾರಗಳಲ್ಲಿ ಟ್ರಾನ್ಸಿಸ್ಟರ್ ಬಳಸಿ, ಮೈಮೇಲೆ ಕಟ್ಟಿಕೊಂಡು ಓಡಾಡಬಹುದಾದ ಪೇಸ್‌ಮೇಕರ್ ಕಟ್ಟಿದರು. ಅವರು 1949ರಲ್ಲಿ ಗ್ಯಾರೇಜಿನಲ್ಲಿ ಆರಂಭಿಸಿದ್ದ ಮೆಡ್‌ಟ್ರಾನಿಕ್ ಮುಂದೆ ಈ ಕ್ಷೇತ್ರದ ದೊಡ್ಡ ಕಂಪನಿಯಾಯಿತು.

ಯಂತ್ರವನ್ನು ಪೂರ್ತಿ ದೇಹದೊಳಗೆ ಕೂಡಿಸಿದ್ದು 1958ರ ಅಕ್ಟೋಬರ್ 8ರಂದು, ಸ್ವೀಡನ್ನಿನ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ. 43 ವರ್ಷದ ಆರ್ನೆ ಲಾರ್ಸನ್ ದಿನಕ್ಕೆ ಹಲವು ಸಲ ಎಚ್ಚರ ತಪ್ಪುತ್ತಿದ್ದರು. ಅವರ ಹೆಂಡತಿ ಎಲ್ಸೆ ಮರಿ ಒತ್ತಾಯಿಸಿದ್ದರಿಂದ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಈ ಸಾಹಸಕ್ಕೆ ಒಪ್ಪಿದರು. ಎಲ್ಮ್‌ಕ್ವಿಸ್ಟ್ ಸರ್ಕೀಟನ್ನು ಬೂಟ್ ಪಾಲಿಶ್ ಡಬ್ಬಿಯಲ್ಲಿಟ್ಟು ಎಪಾಕ್ಸಿ ಎರಕ ಹೊಯ್ದರು. ಮೊದಲ ಯಂತ್ರ ಕೆಲವೇ ತಾಸುಗಳಲ್ಲಿ ಕೆಟ್ಟಿತು. ಕೂಡಲೇ ಇನ್ನೊಂದನ್ನು ಕೂಡಿಸಿದರು. ಲಾರ್ಸನ್‌ಗೆ ಜೀವನದಲ್ಲಿ ಒಟ್ಟು 26 ಪೇಸ್‌ಮೇಕರ್ ಬೇಕಾದವು. 2001ರಲ್ಲಿ, 86ನೆಯ ವಯಸ್ಸಿನಲ್ಲಿ, ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಮೊದಲ ರೋಗಿಯ ಬದುಕೇ ಬದಲಾವಣೆಯ ಮೇಲೆ ನಿಂತದ್ದು.

ಬ್ಯಾಟರಿ

1960ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ವಿಲ್ಸನ್ ಗ್ರೇಟ್‌ಬ್ಯಾಚ್ ವಿನ್ಯಾಸಗೊಳಿಸಿದ ಯಂತ್ರವನ್ನು ವಿಲಿಯಂ ಚಾರ್ಡಾಕ್ ರೋಗಿಗಳಿಗೆ ಕೂಡಿಸಿದರು. ಅದರ ಪಾದರಸ–ಸತು ಬ್ಯಾಟರಿ ಎರಡು ವರ್ಷದ ಆಸುಪಾಸು ನಡೆಯುತ್ತಿತ್ತು. ಅದರಿಂದ ಹೊಮ್ಮುವ ಅನಿಲದ ಕಾರಣ ಯಂತ್ರವನ್ನು ಗಾಳಿಯಾಡದಂತೆ ಬೆಸೆಯಲು ಆಗುತ್ತಿರಲಿಲ್ಲ. 1970ರಲ್ಲಿ ಪ್ಯಾರಿಸ್ಸಿನಲ್ಲಿ ಪ್ಲುಟೋನಿಯಂ-238ರಿಂದ ನಡೆಯುವ ಪೇಸ್‌ಮೇಕರನ್ನೂ ಕೂಡಿಸಿದರು. ಅದು ದಶಕಗಳ ಕಾಲ ಬಾಳುವಂಥದ್ದು; ಆದರೆ ವಿಕಿರಣದ ಜವಾಬ್ದಾರಿ ಹೊರುವುದು ಕಷ್ಟವಾಗಿ ಆ ದಾರಿ ಮುಚ್ಚಿತು.

ತಿರುವು ಕೊಟ್ಟದ್ದು ಲಿಥಿಯಂ–ಅಯೊಡಿನ್ ಬ್ಯಾಟರಿ. 1972ರಲ್ಲಿ ಇಟಲಿಯಲ್ಲಿ ಮೊದಲು ಕೂಡಿಸಿದ ಈ ಬ್ಯಾಟರಿ ಅನಿಲ ಬಿಡುವುದಿಲ್ಲ. ಹಾಗಾಗಿ ಯಂತ್ರವನ್ನು ಟೈಟಾನಿಯಂ ಕವಚದೊಳಗೆ ಭದ್ರವಾಗಿ ಬೆಸೆಯಬಹುದಾಯಿತು. ಇದರ ದೊಡ್ಡ ಗುಣವೆಂದರೆ ದಿಢೀರನೆ ಕೈಕೊಡದಿರುವುದು. ಹೊಸದಿದ್ದಾಗ 2.8 ವೋಲ್ಟ್ ಇರುವ ಶಕ್ತಿ ಮೆಲ್ಲಗೆ ಇಳಿಯುತ್ತ, ಬದಲಿಸುವ ಕಾಲ ಬಂತೆಂದು ತಿಂಗಳುಗಳ ಮೊದಲೇ ತಿಳಿಸುತ್ತದೆ. ಈಗಿನ ಯಂತ್ರಗಳ ಆಯುಷ್ಯ ಸಾಮಾನ್ಯವಾಗಿ 7ರಿಂದ 12 ವರ್ಷ. ಹೃದಯ ತಾನಾಗಿ ಬಡಿಯುವಾಗ ಸುಮ್ಮನಿದ್ದು, ತಪ್ಪಿದಾಗ ಮಾತ್ರ ಮಿಡಿಯುವ ‘ಡಿಮಾಂಡ್’ ವಿಧಾನವನ್ನು 1960ರ ದಶಕದಲ್ಲಿ ಬರೂಕ್ ಬರ್ಕೊವಿಟ್ಸ್ ರೂಪಿಸಿದರು. ಇದರಿಂದ ಬ್ಯಾಟರಿಯೂ ಉಳಿಯಿತು.

ಲೀಡ್

1958ರಲ್ಲಿ ನ್ಯೂಯಾರ್ಕಿನ ಸೆಮೌರ್ ಫರ್ಮನ್ ಎದೆ ತೆರೆಯದೆ ರಕ್ತನಾಳದ ಮೂಲಕ ತಂತಿಯನ್ನು ಹೃದಯಕ್ಕೆ ತಲುಪಿಸುವ ದಾರಿ ತೋರಿಸಿದರು. ಇಂದಿಗೂ ಅದೇ ದಾರಿ. 1980ರ ದಶಕದಲ್ಲಿ ತುದಿಯಲ್ಲಿ ಸ್ಟೀರಾಯ್ಡ್ ಸ್ರವಿಸುವ ಲೀಡ್‌ಗಳು ಬಂದವು. ತಂತಿ ತಾಗಿದ ಕಡೆ ಉರಿಯೂತ ತಗ್ಗಿ, ಕಡಿಮೆ ವಿದ್ಯುತ್ತಿನಲ್ಲೇ ಹೃದಯ ಬಡಿಯತೊಡಗಿತು. ಪೆಟ್ಟಿಗೆ ಹೊಸದಾದರೂ ಲೀಡ್ ಹಳೆಯದೇ ಮುಂದುವರಿಯುವುದುಂಟು. ಒಂದು ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಹೃದಯದ ಜೊತೆ ಬಾಗುವ ಈ ತಂತಿಯೇ ವ್ಯವಸ್ಥೆಯ ಅತಿ ದುರ್ಬಲ ಕೊಂಡಿ.

ಕರ್ನಾಟಕದಲ್ಲಿ

ರಾಜ್ಯದ ಬಡವರಿಗೆ ಹೃದ್ರೋಗದ ದೊಡ್ಡ ಆಸರೆ ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಆರಂಭವಾದ ಈ ಸರ್ಕಾರಿ ಸ್ವಾಯತ್ತ ಸಂಸ್ಥೆ ಮುಂದೆ ಬನ್ನೇರುಘಟ್ಟ ರಸ್ತೆಗೆ ಸ್ಥಳಾಂತರವಾಯಿತು; ಮೈಸೂರಿನಲ್ಲೂ ಶಾಖೆ ತೆರೆಯಿತು. ಕಲಬುರಗಿ ಶಾಖೆ 2016ರಲ್ಲಿ ಶುರುವಾಗಿ, 2024ರ ಡಿಸೆಂಬರ್‌ನಲ್ಲಿ ಸ್ವಂತ ಕಟ್ಟಡ ಪಡೆಯಿತು. 2016ರವರೆಗೆ ಸಿಂಧನೂರಿನ ಬಡ ರೋಗಿಗೆ ಜಯದೇವ ಎಂದರೆ ಸುಮಾರು 400 ಕಿ.ಮೀ. ದೂರದ ಬೆಂಗಳೂರು.

ಹಣದ ಕಡೆಯಿಂದ ಮೂರು ಯೋಜನೆಗಳು ಮುಖ್ಯ. ಸಹಕಾರ ಸಂಘಗಳ ರೈತರಿಗಾಗಿ 2003ರಲ್ಲಿ ಬಂದ ಯಶಸ್ವಿನಿ ಒಂದು. 2018ರಲ್ಲಿ ನಿಂತಿದ್ದ ಅದು ಮತ್ತೆ ಜಾರಿಗೆ ಬಂದಿದೆ. ಎರಡನೆಯದು ವಾಜಪೇಯಿ ಆರೋಗ್ಯಶ್ರೀ. ಅದು 2010ರಲ್ಲಿ ರಾಜ್ಯದಲ್ಲೇ ಮೊದಲು ಆರಂಭವಾದದ್ದು ರಾಯಚೂರು ಜಿಲ್ಲೆಯನ್ನೂ ಒಳಗೊಂಡ ಗುಲಬರ್ಗಾ ವಿಭಾಗದಲ್ಲಿ. ಬಿಪಿಎಲ್ ಕುಟುಂಬಕ್ಕೆ ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತವಾಯಿತು. ಹಳ್ಳಿಗಳ ಶಿಬಿರದಲ್ಲಿ ಗುರುತಿಸಿದವರನ್ನು ದೂರದ ದೊಡ್ಡ ಆಸ್ಪತ್ರೆಗೆ ಕಳಿಸಲಾಯಿತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ, ಯೋಜನೆಯಿದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಈ ಕಾಯಿಲೆಗಳ ಸಾವು ಯೋಜನೆಯಿಲ್ಲದ ನೆರೆಹಳ್ಳಿಗಳಿಗಿಂತ ಶೇ. 64ರಷ್ಟು ಕಡಿಮೆ ಎಂದು ತೋರಿಸಿತು. 2018ರಿಂದ ಆರೋಗ್ಯಶ್ರೀಯ ಜಾಗದಲ್ಲಿ ಮೂರನೆಯ ಯೋಜನೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ, ಇದೆ.

ಸಿಂಧನೂರು ಸೀಮೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಭತ್ತದ ನಾಡಾಯಿತು. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿಯಿದೆ. ಅಶೋಕನ ಶಾಸನದಿಂದ ಹೆಸರಾದ ಮಸ್ಕಿ ಈಗ ಪ್ರತ್ಯೇಕ ತಾಲ್ಲೂಕು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವುದು ಸಾಧ್ಯ. ಪೇಸ್‌ಮೇಕರ್ ಕೂಡಿಸಲು ಕ್ಯಾಥ್‌ಲ್ಯಾಬ್ (ರಕ್ತನಾಳದ ಮೂಲಕ ಹೃದಯದ ಚಿಕಿತ್ಸೆ ಮಾಡುವ ಕೋಣೆ) ಇರುವ ಊರಿಗೆ, ಅಂದರೆ ರಾಯಚೂರು, ಕಲಬುರಗಿ, ಹುಬ್ಬಳ್ಳಿ, ಬೆಂಗಳೂರು ಅಥವಾ ಹೈದರಾಬಾದಿಗೆ ಹೋಗಬೇಕು. ರಾಯಚೂರಿನಲ್ಲಿ ಒಪೆಕ್ ನೆರವಿನಿಂದ ಕಟ್ಟಿದ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಜನ ಇಂದಿಗೂ ‘ಒಪೆಕ್ ಆಸ್ಪತ್ರೆ’ ಎಂದೇ ಕರೆಯುತ್ತಾರೆ. 2024ರಲ್ಲಿ ಸಿಂಧನೂರಿಗೆ ರೈಲು ಬಂದು ಹುಬ್ಬಳ್ಳಿಯ ದಾರಿ ಹಗುರಾಯಿತು. 2023ರ ನವೆಂಬರ್‌ನಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರ ಮುಂದಿಡುತ್ತದೆ. ಹೃದಯಾಘಾತಕ್ಕಾಗಿ ಮಾಡಿದ ವ್ಯವಸ್ಥೆಯಾದರೂ ಅದೇ ಇಸಿಜಿಯಲ್ಲಿ ಹಾರ್ಟ್ ಬ್ಲಾಕ್ ಕೂಡ ಕಾಣುತ್ತದೆ.

ಇಲ್ಲಿನ ದುಡಿಮೆಗೆ ತಕ್ಕ ಎಚ್ಚರಿಕೆಗಳಿವೆ. ಯಂತ್ರ ಕೂಡಿಸಿದ ಮೇಲೆ ನಾಲ್ಕರಿಂದ ಆರು ವಾರ ಆ ಕಡೆಯ ತೋಳನ್ನು ಭುಜಕ್ಕಿಂತ ಮೇಲೆ ಎತ್ತಬಾರದು, ಭಾರ ಹೊರಬಾರದು. ಆಮೇಲೂ ಹಮಾಲರು ಭತ್ತದ ಚೀಲವನ್ನು ಯಂತ್ರವಿರುವ ಭುಜದ ಮೇಲೆ ಹೊರುವುದು ಒಳ್ಳೆಯದಲ್ಲ. ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವೆ ಸಿಕ್ಕ ಲೀಡ್ ಪದೇ ಪದೇ ಅದುಮಿ ಮುರಿಯುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ತೊಂದರೆ. ವೆಲ್ಡಿಂಗ್ ಕೆಲಸಕ್ಕೆ ಮೊದಲೇ ವೈದ್ಯರನ್ನು ಕೇಳಬೇಕು. ಒಪ್ಪಿದರೂ ಕಿಡಿಯಿಂದ ಯಂತ್ರ ಎರಡು ಅಡಿ ದೂರವಿರಬೇಕು. ರೈಸ್‌ಮಿಲ್ಲಿನ ದೊಡ್ಡ ಮೋಟರ್, ಗಣಿಯ ಭಾರಿ ವಿದ್ಯುತ್ ಯಂತ್ರಗಳಿಗೆ ಎದೆ ಆನಿಸಿ ನಿಲ್ಲಬಾರದು. ಹೊಲದ ವಿದ್ಯುತ್ ಬೇಲಿಯನ್ನು ಮುಟ್ಟಬಾರದು. ಮೊಬೈಲನ್ನು ಅಂಗಿಯ ಎಡಗಡೆ ಜೇಬಿನಲ್ಲಿ ಇಡದೆ, ಯಂತ್ರದಿಂದ ಒಂದು ಗೇಣು ದೂರವಿಟ್ಟರೆ ಸಾಕು. ಮಿಕ್ಸರ್, ಟಿ.ವಿ., ಫ್ಯಾನುಗಳಿಂದ ಭಯವಿಲ್ಲ.

ತಪಾಸಣೆ ಮತ್ತು ಬ್ಯಾಟರಿ ಬದಲಾವಣೆ

ತಪಾಸಣೆಯಲ್ಲಿ ತಂತ್ರಜ್ಞ ಪ್ರೋಗ್ರಾಮರ್ ಎಂಬ ಯಂತ್ರದ ಕೈಹಿಡಿಯನ್ನು ಎದೆಯ ಮೇಲಿಡುತ್ತಾರೆ. ಉಳಿದಿರುವ ಬ್ಯಾಟರಿ, ಹೃದಯಕ್ಕೆ ಬೇಕಾದ ಕನಿಷ್ಠ ವಿದ್ಯುತ್ತು, ಲೀಡ್‌ನ ರೋಧ ಪರದೆಯ ಮೇಲೆ ಮೂಡುತ್ತವೆ. ರೋಧ ಏಕಾಏಕಿ ಏರಿದರೆ ತಂತಿ ತುಂಡಾಗಿರಬಹುದು ಅಥವಾ ಜೋಡಣೆ ಸಡಿಲವಾಗಿರಬಹುದು. ಏಕಾಏಕಿ ಇಳಿದರೆ ಹೊದಿಕೆ ಹರಿದಿರಬಹುದು. ನೋವಿಲ್ಲದ ಈ ತಪಾಸಣೆಗೆ ವರ್ಷಕ್ಕೆ ಒಂದೆರಡು ಬಾರಿ ಹೋಗಬೇಕು. ಬ್ಯಾಟರಿ ಕೊನೆಗೆ ಬಂದಾಗ ಇನ್ನೂ ಬೇಗ ಬೇಗ. ಆರಾಮಾಗಿರುವ ರೋಗಿಗೆ ಬಸ್ ಚಾರ್ಜು, ಒಂದು ದಿನದ ಕೂಲಿ ಬಿಟ್ಟು ಇದಕ್ಕಾಗಿ ನೂರಾರು ಕಿ.ಮೀ. ಹೋಗುವುದು ಭಾರ. ಸೀಮೆಯಲ್ಲಿ ಪೇಸ್‌ಮೇಕರ್ ಆರೈಕೆ ಮುರಿದುಬೀಳುವುದು ಹೆಚ್ಚಾಗಿ ಇಲ್ಲಿಯೇ.

ಬದಲಾವಣೆಯ ಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ಚಿಕ್ಕದು. ಅಷ್ಟೇ ಜಾಗ ಮರಗಟ್ಟಿಸಿ, ಹಳೆಯ ಗಾಯದ ಗುರುತಿನಲ್ಲೇ ಕೊಯ್ದು, ಪೆಟ್ಟಿಗೆಯನ್ನು ಹೊರತೆಗೆಯುತ್ತಾರೆ. ಸಣ್ಣ ತಿರುಪು ಸಡಿಲಿಸಿ ಲೀಡನ್ನು ಬಿಡಿಸಿ, ಅದು ಚೆನ್ನಾಗಿದೆಯೇ ಎಂದು ಅಳೆದು, ಹೊಸ ಪೆಟ್ಟಿಗೆಗೆ ಜೋಡಿಸುತ್ತಾರೆ. ಬ್ಯಾಟರಿ ಬೆಸೆದ ಕವಚದೊಳಗಿರುವುದರಿಂದ ಪೆಟ್ಟಿಗೆಯೇ ಇಡಿಯಾಗಿ ಹೊಸದಾಗುತ್ತದೆ. ಪೂರ್ತಿ ಯಂತ್ರವನ್ನೇ ನಂಬಿದ ಹೃದಯವಾದರೆ ಆ ಹೊತ್ತಿಗೆ ತಾತ್ಕಾಲಿಕ ಪೇಸಿಂಗ್ ಸಿದ್ಧವಿಡುತ್ತಾರೆ. ಕೆಲಸ ಚಿಕ್ಕದಾದರೂ ಸೋಂಕಿನ ಅಪಾಯ ಮೊದಲ ಸಲಕ್ಕಿಂತ ಹೆಚ್ಚು. ಗಾಯ ಕೆಂಪಾದರೆ, ಊದಿದರೆ, ಕೀವು ಬಂದರೆ ಊರಲ್ಲಿ ಸೂಜಿಯಿಂದ ತೆಗೆಸದೆ, ಕೂಡಿಸಿದ ಆಸ್ಪತ್ರೆಗೇ ಹೋಗಬೇಕು.

ಲೀಡ್ ಕೆಟ್ಟಾಗ

ಕೆಟ್ಟ ಲೀಡನ್ನು ಅಲ್ಲೇ ಬಿಟ್ಟು ಪಕ್ಕದಲ್ಲಿ ಹೊಸದನ್ನು ಹಾಕುವುದು ಒಂದು ದಾರಿ, ಹಳೆಯದನ್ನು ತೆಗೆಯುವುದು ಇನ್ನೊಂದು. ವರ್ಷಗಳ ನಂತರ ಲೀಡ್ ರಕ್ತನಾಳ ಮತ್ತು ಹೃದಯದ ಗೋಡೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಎಳೆದರೆ ಹರಿದು ಪ್ರಾಣಕ್ಕೆ ಕುತ್ತು. 1990ರ ದಶಕದಲ್ಲಿ ಬಂದ ಲೇಸರ್ ಕೊಳವೆಗಳು ಈ ಕೆಲಸವನ್ನು ಸುರಕ್ಷಿತವಾಗಿಸಿದವು. ಆದರೂ ಎದೆ ತೆರೆಯಲು ಸಿದ್ಧವಿರುವ ಶಸ್ತ್ರವೈದ್ಯರ ಪಕ್ಕದಲ್ಲೇ, ಅನುಭವಿ ಕೇಂದ್ರದಲ್ಲೇ ಇದನ್ನು ಮಾಡಬೇಕು. ಸೋಂಕು ತಗುಲಿದ್ದರೆ ಪೆಟ್ಟಿಗೆ ಮತ್ತು ಲೀಡ್ ಎರಡನ್ನೂ ತೆಗೆಯದೆ ಗತ್ಯಂತರವಿಲ್ಲ. ಬರೀ ಆ್ಯಂಟಿಬಯಾಟಿಕ್‌ನಿಂದ ಅದು ಗುಣವಾಗುವುದಿಲ್ಲ.

ವೆಚ್ಚ, ಮರುಬಳಕೆ ಮತ್ತು ಕೊನೆಯ ಕರ್ತವ್ಯ

ಮಧ್ಯಪ್ರದೇಶದ ಪೀಥಂಪುರದಲ್ಲಿ ಶ್ರೀ ಪೇಸ್‌ಟ್ರಾನಿಕ್ಸ್ ಪೇಸ್‌ಮೇಕರ್ ತಯಾರಿಸುತ್ತದೆ. ಆದರೂ ದೇಶದಲ್ಲಿ ಬಹುಪಾಲು ಯಂತ್ರಗಳು ಹೊರಗಿನಿಂದಲೇ ಬರುತ್ತವೆ. ಹೊಸ ಯಂತ್ರದ ವೆಚ್ಚ ತಾಳಲಾಗದವರಿಗಾಗಿ ಮರುಬಳಕೆಯನ್ನೂ ಪರೀಕ್ಷಿಸಿದ್ದಾರೆ. ಅಮೆರಿಕದಲ್ಲಿ ಮೃತರಿಂದ ತೆಗೆದು ಶುದ್ಧೀಕರಿಸಿದ ಯಂತ್ರಗಳನ್ನು ಮುಂಬೈನ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ 53 ಬಡ ರೋಗಿಗಳಿಗೆ ಕೂಡಿಸಿದ ಅನುಭವ 2011ರಲ್ಲಿ ಪ್ರಕಟವಾಯಿತು. 2020ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಕೆನಡಾದ ಅಧ್ಯಯನ, ಮರುಬಳಕೆಯ ಯಂತ್ರ ಪಡೆದ 1,051 ಮಂದಿಯಲ್ಲಿ ಸೋಂಕು ಹೊಸ ಯಂತ್ರದವರಿಗಿಂತ ಗಮನಾರ್ಹವಾಗಿ ಹೆಚ್ಚಿಲ್ಲವೆಂದು ತಿಳಿಸಿತು.

ಮೃತದೇಹವನ್ನು ಸುಡುವ ಸಮುದಾಯಗಳು ನೆನಪಿಡಬೇಕಾದ ಮಾತು: ಬೆಂಕಿಯಲ್ಲಿ ಬ್ಯಾಟರಿ ಸ್ಫೋಟಗೊಳ್ಳುತ್ತದೆ, ಆದ್ದರಿಂದ ಅದಕ್ಕೂ ಮುನ್ನ ಯಂತ್ರವನ್ನು ತೆಗೆಸಬೇಕು. ಹೂಳುವ ಪದ್ಧತಿಯಲ್ಲಿ ಈ ಅಪಾಯವಿಲ್ಲ.

ಮುಂದಿನ ದಾರಿ

2012–13ರಲ್ಲಿ ಲೀಡ್ ಇಲ್ಲದ, ಹೃದಯದ ಒಳಗೇ ಕೂಡುವ ಕ್ಯಾಪ್ಸೂಲ್ ಗಾತ್ರದ ಪೇಸ್‌ಮೇಕರ್‌ಗಳನ್ನು ಮನುಷ್ಯರಿಗೆ ಅಳವಡಿಸಲಾಯಿತು. ಲೀಡ್‌ನ ತೊಂದರೆ ಇವುಗಳಿಗಿಲ್ಲ; ಆದರೆ ಬೆಲೆ ಹೆಚ್ಚು, ಬ್ಯಾಟರಿ ಇವುಗಳಲ್ಲೂ ತೀರುತ್ತದೆ. ಮೊಬೈಲ್ ಜಾಲದ ಮೂಲಕ ಮನೆಯಿಂದಲೇ ಯಂತ್ರದ ಸ್ಥಿತಿ ಆಸ್ಪತ್ರೆಗೆ ತಲುಪಿಸುವ ವ್ಯವಸ್ಥೆ ದೂರದ ಸೀಮೆಗಳಿಗೆ ಇದಕ್ಕಿಂತ ಹೆಚ್ಚು ಉಪಯುಕ್ತ. ಜಿಲ್ಲಾ ಕೇಂದ್ರದಲ್ಲಿ ನಿಗದಿತ ದಿನ ಪ್ರೋಗ್ರಾಮರ್ ಇರುವ ತಪಾಸಣಾ ಕ್ಲಿನಿಕ್ ನಡೆದರೆ ಸಿಂಧನೂರಿನವರ ಬೆಂಗಳೂರು ಓಡಾಟದ ದೊಡ್ಡ ಪಾಲು ತಪ್ಪುತ್ತದೆ. ಇಷ್ಟರ ಜೊತೆಗೆ ಯಂತ್ರ ಮತ್ತು ಲೀಡ್‌ನ ಮಾದರಿ ಹಾಗೂ ಕೂಡಿಸಿದ ದಿನಾಂಕ ಬರೆದ ಗುರುತಿನ ಚೀಟಿ ರೋಗಿಯ ಬಳಿ ಸದಾ ಇರಬೇಕು, ಮನೆಯವರಿಗೂ ಅದರ ಅರ್ಥ ಗೊತ್ತಿರಬೇಕು. ಮೊದಲ ಯಂತ್ರ ಕೂಡಿಸಿದ ದಿನವೇ ಎರಡನೆಯದು ಯಾವಾಗ, ಎಲ್ಲಿ, ಯಾವ ಯೋಜನೆಯಡಿ ಎಂಬುದನ್ನು ಆಸ್ಪತ್ರೆ ರೋಗಿಗೆ ಕನ್ನಡದಲ್ಲಿ ಬರೆದು ಕೊಡುವಂತಾದರೆ ಈ ಚಿಕಿತ್ಸೆ ಪೂರ್ಣವಾಗುತ್ತದೆ.